ದೀಪ ಹಚ್ಚುವ ಹೊತ್ತಿನ ನಗುಮುಖ

ಮೊನ್ನೆ ಹುಬ್ಬಳ್ಳಿಯಿಂದ ನವಲಗುಂದಕ್ಕೆ ಬರುವ ಬಸ್ಸಿನಲ್ಲಿ ಯಾರೋ ನೋವಿನ ಮುಲಾಮು ಹಚ್ಚಿಕೊಂಡರು. ಆ ಖಾರದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಬಾಜು ಮನೆಯ ಹುಡುಗಿ ನೆನಪಾದಳು. ಪಿಯುಸಿ ಓದುವ ಹುಡುಗಿ, ಮುದುಕಿಯರ ಹಾಗೆ ಮುಲಾಮು ನಾರುತ್ತ ಓಡಾಡುತ್ತಿದ್ದಳು...

ಅವಳಿಗೆ ಕೀಲುವಾತ. ಎಳೆಯರಿಗೂ ಅದು ಬರುತ್ತದೆಂದು ನಮ್ಮ ಓಣಿಯಲ್ಲಿ ಯಾರೂ ನಂಬಲಿಲ್ಲ. ಕೆಲಸಗಳ್ಳಿ ಎಂದವರೇ ಹೆಚ್ಚು. ಹೊಲಿಗೆ ಎಂದರೆ ಅವಳಿಗೆ ಜೀವ. ಬೆರಳು ಉಳಿದರೆ ತಾನೇ ಹೊಲಿಗೆ?

ಹುಬ್ಬಳ್ಳಿಯ ಡಾಕ್ಟರು ಅವಳ ಅಪ್ಪನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಅಪ್ಪ ಹೊಲದಿಂದ ಬರುವ ಸಂಜೆ ಹೊತ್ತಿಗೆ ಅದು ಟಿಣ್ ಎನ್ನುತ್ತಿತ್ತು. ಇವತ್ತು ನೋವು ಎಷ್ಟೆಂದು ಕೇಳಿ, ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ತೋರಿಸುತ್ತಿತ್ತು. ಒಂದನ್ನು ಒತ್ತಿದರೆ ಡಾಕ್ಟರಿಗೆ ತಲುಪುತ್ತಿತ್ತು. ಅದನ್ನು ನೋಡಿಯೇ ಅವರು ಗುಳಿಗೆ ಹೆಚ್ಚುಕಡಿಮೆ ಮಾಡುತ್ತಿದ್ದರು.

ಆದರೆ ಅದು ದೀಪ ಹಚ್ಚುವ ಹೊತ್ತು. ಲಕ್ಷ್ಮಿ ಒಳಗೆ ಬರುವ ವೇಳೆಯಲ್ಲಿ ನೋವಿನ ಮಾತು ಎತ್ತಬಾರದೆಂದು ಅವಳ ಅಜ್ಜಿಯ ಕಟ್ಟಪ್ಪಣೆ.

"ಯವ್ವಾ, ದೀಪದ ಮುಂದ ಅಳೂ ಮಾರಿ ಒತ್ತಬ್ಯಾಡ. ನಗೂದ ಒತ್ತು, ದೇವ್ರು ಹಂಗ ಮಾಡ್ತಾನ."

ಅವಳು ಒತ್ತಿದಳು. ಬೆರಳು ಮಡಚಲಾಗದ ದಿನವೂ ನಗುಮುಖವನ್ನೇ ಒತ್ತಿದಳು. ಹುಡುಗಿ ಗುಣವಾಗುತ್ತಿದ್ದಾಳೆ ಎಂದುಕೊಂಡ ಡಾಕ್ಟರು ಗುಳಿಗೆ ಕಡಿಮೆ ಮಾಡಿಸಿದರು.

ಮುಂದಿನ ಸಲ ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಬಾತ ಬೆರಳು ನೋಡಿ ಡಾಕ್ಟರು ದಂಗಾದರು. ಸಂಗತಿ ತಿಳಿದ ಮೇಲೆ, ಇನ್ನು ಮುಂದೆ ಆ್ಯಪ್ ಬೆಳಿಗ್ಗೆ ಕೇಳುವಂತೆ ಮಾಡುತ್ತೇನೆ ಎಂದರು.

"ಹೊತ್ತು ಬದಲಿ ಮಾಡಬ್ಯಾಡ್ರಿ," ಎಂದಳು ಹುಡುಗಿ. "ನಮ್ಮಜ್ಜಿ ಎದುರಿಗೇ ಒತ್ತತೀನ್ರಿ."

ಒತ್ತಿದಳು ಕೂಡ. ಉರಿಯುವ ದೀಪದ ಮುಂದೆ ಕುಳಿತು ಅಳುವ ಮುಖ ಒತ್ತಿದಳು. ಅಜ್ಜಿ ಒಂದಷ್ಟು ದಿನ ಮಾತು ಬಿಟ್ಟಳು. ಆಮೇಲೊಂದು ಸಂಜೆ ದೀಪ ಹಚ್ಚಿದವಳು, ತಾನೇ ಮೊಬೈಲು ತಂದು ಮೊಮ್ಮಗಳ ಮುಂದೆ ಹಿಡಿದಳು.

"ಇವತ್ತ ಎಷ್ಟ ಬ್ಯಾನಿ ಐತಿ, ಯವ್ವಾ?"

ಕಟ್ಟೆಯ ಮೇಲಿದ್ದ ನನಗೂ ಅದು ಕೇಳಿಸಿತು.

ನೋವೇನೋ ಹತೋಟಿಗೆ ಬಂತು. ಆದರೆ ಬಲಗೈ ಬೆರಳು ಸೊಟ್ಟಗಾದದ್ದು ಸೊಟ್ಟಗೇ ಉಳಿಯಿತು. ಕತ್ತರಿ ಹಿಡಿಯಲಾಗದೆ ಹೊಲಿಗೆ ಬಿಟ್ಟಳು. ಯಾರನ್ನು ಬಯ್ಯಬೇಕೆಂದು ತಿಳಿಯದೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಜ್ಜಿ ತೀರಿಕೊಂಡ ಮೇಲೆ ಅವರೆಲ್ಲ ಅಳ್ನಾವರದ ಕಡೆ ಹೋದರು. ಹುಡುಗಿ ಹೇಗಿದ್ದಾಳೋ, ಕೇಳಲು ಒಂದು ನಂಬರೂ ಇಲ್ಲ...

ನಿನ್ನೆ ದೀಪ ಹಚ್ಚಿ ಏಳುತ್ತಿದ್ದೆ, ಮಗಳ ಫೋನು ಬಂತು.

"ಯವ್ವಾ, ಮೊಣಕಾಲು ಹೆಂಗದಾವ?"

"ಅಗದಿ ಆರಾಮ ಅದಾವ," ಎಂದೆ, ಗೋಡೆ ಹಿಡಿದುಕೊಂಡು.