ನೇರಳೆ ಹೂವಿನ ಬಳ್ಳಿ ಬಿಳಿಯಾದ ವರ್ಷ

ಆ ಗಿಡ ತಂದದ್ದು ನರಸಿಂಹರಾಜಪುರದಿಂದ. ನನ್ನ ಗಂಡನ ಅಕ್ಕನ ಮನೆಯ ಗೃಹಪ್ರವೇಶ ಮುಗಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದೆವು. ರಸ್ತೆ ಪಕ್ಕದಲ್ಲಿ ಒಬ್ಬ ಟೆಂಪೊ ನಿಲ್ಲಿಸಿಕೊಂಡು ಗಿಡ ಮಾರುತ್ತಿದ್ದ. ಗುಲಾಬಿ, ದಾಸವಾಳದ ನಡುವೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಡ್ಡಿಯಂಥ ಒಂದು ಬಳ್ಳಿ. ಅದರ ಕೊರಳಿಗೆ ಕಟ್ಟಿದ್ದ ಚಿತ್ರದಲ್ಲಿ ಅಂಗೈಯಗಲದ ನೇರಳೆ ಹೂವು.

“ಇದೆಂಥ ಹೂವಣ್ಣ?” ಅಂದೆ.

“ಕ್ಲೆಮ್ಯಾಟಿಸ್ ಅಕ್ಕಾ. ಬೇರಿಗೆ ನೆರಳು ಬೇಕು, ತಲೆಗೆ ಬಿಸಿಲು ಬೇಕು. ಅಷ್ಟು ನೋಡ್ಕಂಡ್ರೆ ಬರ್ತದೆ.”

ನನ್ನ ಗಂಡ ಚಿತ್ರವನ್ನೂ ಕಡ್ಡಿಯನ್ನೂ ನೋಡಿದರು. “ಚಿತ್ರ ಚೆನ್ನಾಗಿದೆ. ಅದನ್ನೇ ಗೋಡೆಗೆ ಅಂಟಿಸ್ಕೊ” ಅಂದರು. ನನಗೂ ಅನುಮಾನವಿತ್ತು. ಆದರೂ ತಂದೆ.

ಕೊಪ್ಪದಲ್ಲಿ ನಮ್ಮದು ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ಹಿಂದೆ ಒಂದು ಚೂರು ಹಿತ್ತಲು. ಹಿತ್ತಲಿಗೂ ಪಕ್ಕದ ಮನೆಗೂ ನಡುವೆ ಕತ್ತಿನೆತ್ತರದ ಗೋಡೆ, ಅದರಲ್ಲೊಂದು ತಗಡಿನ ಗೇಟು. ಆ ಗೇಟಿಗೆ ಚಿಲಕ ಹಾಕಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಪಕ್ಕದ ಮನೆಯವರು ನನಗಿಂತ ದೊಡ್ಡವರು, ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಾನು ಅವರನ್ನು ಅಕ್ಕ ಅಂತಲೇ ಕರೆಯುವುದು. ನನ್ನ ಮಗಳು ಬಾಲವಾಡಿ ವಯಸ್ಸಿನಿಂದ ಅರ್ಧ ದಿನ ಅವರ ಮನೆಯಲ್ಲೇ ಬೆಳೆದವಳು. ಅವರು ಸಾಸಿವೆ ಇಲ್ಲ ಅಂತ ಆ ಗೇಟಿನಿಂದ ಬರುವುದು, ನಾನು ಕರಿಬೇವಿಗೆ ಹೋಗುವುದು, ಹೀಗೆ.

ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಗುಂಡಿ ತೆಗೆದು ಬಳ್ಳಿ ನೆಟ್ಟೆ. ಬೇರಿಗೆ ಕಲ್ಲಿನ ನೆರಳು, ಮೇಲೆ ಬಟ್ಟೆ ಒಣಹಾಕುವ ತಂತಿ. ಈ ಬಳ್ಳಿ ತೊಂಡೆಬಳ್ಳಿಯ ಹಾಗೆ ಎಳೆ ಬಿಟ್ಟು ಹತ್ತುವುದಿಲ್ಲ. ಎಲೆಯ ತೊಟ್ಟನ್ನೇ ಬೆರಳಿನಂತೆ ಮಡಿಸಿ ತಂತಿ ಹಿಡಿಯುತ್ತದೆ. ಬೆಳಿಗ್ಗೆ ನೋಡಿದಾಗ ಗಾಳಿಯಲ್ಲಿ ಚಾಚಿಕೊಂಡಿದ್ದ ತೊಟ್ಟು ಸಂಜೆಗೆ ತಂತಿಗೆ ಸುತ್ತಿಕೊಂಡಿರುತ್ತಿತ್ತು.

ಮಳೆಗಾಲ ಕಳೆದು ಚಳಿ ಬಿಟ್ಟ ಮೇಲೆ ಮೂರು ಹೂ ಬಿಟ್ಟಿತು. ಚಿತ್ರದಲ್ಲಿದ್ದದ್ದಕ್ಕಿಂತ ಚಿಕ್ಕವು, ಆದರೆ ಬಣ್ಣ ಅದೇ. ನಡುವೆ ಇನ್ನೂ ಗಾಢವಾದ ಒಂದು ಗೀರು. ನನ್ನ ಗಂಡ ಹಲ್ಲುಜ್ಜುತ್ತಾ ಬಂದು ನಿಂತು, ಬಾಯಿ ಮುಕ್ಕಳಿಸಿ ಹೋದರು. ಅಕ್ಕ ಮಾತ್ರ ದಿನಾ ಬಂದು ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು.

“ಒಂದು ಕೊಂಬೆ ಮುರ್ಕೊಡೇ ಮಾರಾಯ್ತಿ.”

“ಸ್ವಲ್ಪ ದೊಡ್ಡದಾಗ್ಲಿ ಅಕ್ಕ. ಇನ್ನೂ ಎಳೇದು.”

“ಹೌದು ಬಿಡು. ನನ್ನ ಕೈಲಿ ಎಂಥದೂ ಬದ್ಕಲ್ಲ. ನಮ್ಮನೆಯವ್ರು ಹೇಳ್ತಾರಲ್ಲ, ಪ್ಲಾಸ್ಟಿಕ್ ಹೂ ಇಟ್ರೂ ಬಾಡಿಸ್ತೀಯ ಅಂತ.” ನಕ್ಕರು. ನಾನೂ ನಕ್ಕೆ.

ಆ ಬೇಸಿಗೆಯಲ್ಲಿ ಶೃಂಗೇರಿಯಲ್ಲಿ ನನ್ನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ ನೋಡಿಕೊಳ್ಳಲು ನಾನು ಹೋಗಲೇಬೇಕಾಯಿತು. ನನ್ನ ಗಂಡ ಬೆಳಿಗ್ಗೆ ಅಂಗಡಿಗೆ ಹೋದರೆ ಕತ್ತಲಾದ ಮೇಲೇ ಬರುವುದು. ಅವರಿಗೆ ಹಿತ್ತಲೆಂದರೆ ಪೇಸ್ಟ್ ಉಗುಳುವ ಜಾಗ. ಕಾಲೇಜಿಗೆ ರಜೆಯಿದ್ದ ಮಗಳೂ ನನ್ನ ಜೊತೆ ಹೊರಟಿದ್ದಳು. “ಅಕ್ಕ, ಬಳ್ಳಿಗೆ ನೀರು ನೋಡ್ಕಳಿ” ಅಂತ ಹೇಳಿ ಹೊರಟೆ.

ತಾಯಿ ವಾಕರ್ ಹಿಡಿದು ನಡೆಯುವಂತಾದ ಮೇಲೆ ಕೊಪ್ಪಕ್ಕೆ ಬಂದೆ. ಹಿತ್ತಲಿಗೆ ಹೋಗಿ ನೋಡಿದರೆ ತಂತಿ ಬೋಳು. ಕಲ್ಲಿನ ಪಕ್ಕ ಒಂದು ಗೇಣು ಮೋಟು ನಿಂತಿತ್ತು. ಹೋಗಿ ಕೇಳಿದಾಗ ಅಕ್ಕ ಈರುಳ್ಳಿ ಹೆಚ್ಚುತ್ತಿದ್ದರು.

“ಒಣಗಿ ಹೋತು ಕಣೇ. ನೀರು ಹಾಕ್ದೆ, ಏನ್ ಮಾಡಿದ್ರೂ ಇಲ್ಲ. ನೋಡಕ್ಕಾಗ್ದೆ ನಾನೇ ತೆಗ್ದು ಬಿಸಾಕ್ದೆ.”

ಅವರ ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. “ಇದೆಂಥ?” ಅಂದೆ. “ಎಣ್ಣೆ ಸಿಡೀತು” ಅಂದರು. ನನ್ನ ಮುಖ ನೋಡಿ ಹೇಳಲಿಲ್ಲ, ಈರುಳ್ಳಿ ನೋಡಿ ಹೇಳಿದರು. ಈರುಳ್ಳಿ ಹೆಚ್ಚುವವರು ಈರುಳ್ಳಿಯನ್ನೇ ನೋಡಬೇಕು, ಅದೇನೂ ತಪ್ಪಲ್ಲ ಅಂದುಕೊಂಡು ಮನೆಗೆ ಬಂದೆ.

ಆದರೆ ಮೋಟಿನ ಹತ್ತಿರ ಮತ್ತೆ ಕೂತಾಗ ಮನಸ್ಸು ಒಪ್ಪಲಿಲ್ಲ. ನನ್ನ ಕೆಲಸವೇ ಕತ್ತರಿಯದು. ಹರಿದದ್ದು ಯಾವುದು, ಕತ್ತರಿಸಿದ್ದು ಯಾವುದು ಅಂತ ಅಂಚು ನೋಡಿದರೆ ಗೊತ್ತಾಗುತ್ತದೆ. ಮೋಟಿನ ತುದಿ ಓರೆಯಾಗಿ, ನುಣ್ಣಗೆ ಕತ್ತರಿಸಿತ್ತು. ಉಗುರಿನಿಂದ ಗೀರಿದರೆ ಒಳಗೆ ಹಸಿರು. ಒಣಗಿದ ಗಿಡಕ್ಕೆ ಹಸಿರೆಲ್ಲಿಂದ ಬರಬೇಕು? ಎರಡೂ ಮನೆಯವರು ಕಸ ಹಾಕುವ ಗೊಬ್ಬರದ ಗುಂಡಿಯಲ್ಲಿ ಕೋಲು ಹಾಕಿ ಕೆದಕಿದೆ. ಬಾಳೆ ಸಿಪ್ಪೆ, ಚಹಾ ಚರಟ, ತೆಂಗಿನ ನಾರು. ಬಳ್ಳಿಯ ಒಂದು ತುಂಡೂ ಇರಲಿಲ್ಲ.

ಒಂದು ಬಳ್ಳಿಗೆ ಇಷ್ಟೆಲ್ಲ ಯಾಕೆ ಅಂತ ಗಂಡ ಕೇಳಿದರು. ಬಳ್ಳಿಗಲ್ಲ, ಸುಳ್ಳಿಗೆ ಅಂದೆ.

ಮಳೆ ಹಿಡಿದ ಮೇಲೆ ಮೋಟಿನ ಬುಡದಿಂದ ಚಿಗುರು ಬಂತು. ಖುಷಿಯಿಂದ ಅಕ್ಕನಿಗೆ ಹೇಳಲು ಹೋದರೆ ತಗಡಿನ ಗೇಟಿಗೆ ಒಳಗಿನಿಂದ ಚಿಲಕ ಹಾಕಿತ್ತು. ಕೂಗಿದೆ. ಅಕ್ಕ ಹಿಂದಿನ ಬಾಗಿಲಿಗೆ ಬರಲಿಲ್ಲ. ಅವರ ಮುಂಬಾಗಿಲಿನಿಂದ ಹೊರಟು ರಸ್ತೆ ಸುತ್ತಿ ನಮ್ಮ ಮುಂಬಾಗಿಲಿಗೆ ಬಂದರು.

“ಚಿಗುರ್‍ತಾ? ಒಳ್ಳೇದಾತು” ಅಂದರು. ಅವರ ಮುಖದಲ್ಲಿ ಒಳ್ಳೆಯದಾದ ಹಾಗೆ ಕಾಣಲಿಲ್ಲ. ಗೇಟಿನ ವಿಷಯ ಕೇಳಿದ್ದಕ್ಕೆ ನಾಯಿ ಬರುತ್ತದೆ ಅಂದರು. ನಮ್ಮ ಹಿತ್ತಲಿನಲ್ಲಿ ನಾನು ನಾಯಿ ಕಂಡಿರಲಿಲ್ಲ.

ಅಲ್ಲಿಂದ ಅವರು ಆಡಿದ್ದಕ್ಕೆಲ್ಲ ನಾನು ಒಳಗಿನ ಅರ್ಥ ಹುಡುಕತೊಡಗಿದೆ. ಪಲ್ಯ ಕಳಿಸಿದರೆ ಈಗ ಯಾಕೆ ಕಳಿಸಿದರು ಅಂತ. ಕಳಿಸದಿದ್ದರೆ ಯಾಕೆ ಕಳಿಸಲಿಲ್ಲ ಅಂತ. ಮಿಷನ್ ತುಳಿಯುತ್ತಾ ಕಿವಿ ಮಾತ್ರ ಗೋಡೆಯಾಚೆ. ಸಂಜೆ ಅವರ ಹಿತ್ತಲಲ್ಲಿ ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು. ಗಿಡವೇ ಬದುಕದವರ ಮನೆಯಲ್ಲಿ ಯಾವುದಕ್ಕೆ ನೀರು?

ಹೊಸ ಚಿಗುರು ಹಳೆಯದಕ್ಕಿಂತ ಜೋರಾಗಿ ಬೆಳೆಯಿತು. ತಂತಿ ಮುಗಿಸಿ ಬಚ್ಚಲಿನ ಹಂಚಿಗೆ ಏರಿತು. ಮಳೆ ಕಡಿಮೆಯಾಗಿ ಬಿಸಿಲು ಬಂದಾಗ ಗೊಂಚಲು ಗೊಂಚಲು ಮೊಗ್ಗು. ಒಂದು ಬೆಳಿಗ್ಗೆ ಬಿರಿದವು. ಬೆರಳ ತುದಿಯಷ್ಟೂ ಇಲ್ಲದ, ಕೆನೆಬಿಳಿ ಬಣ್ಣದ ಹೂಗಳು. ನೇರಳೆಯ ಸುಳಿವೂ ಇಲ್ಲ. ಕೆರೆಕಟ್ಟೆ ಕಾಡಿನ ಕಡೆ ಹೋಗುವಾಗ ರಸ್ತೆ ಬದಿಯ ಪೊದೆಗಳ ಮೇಲೆ ಹಬ್ಬಿರುತ್ತದಲ್ಲ, ಅದೇ ಕಾಡುಬಳ್ಳಿ.

ಗಂಡ ಬಿದ್ದು ಬಿದ್ದು ನಕ್ಕರು. “ಟೆಂಪೊದವ್ನು ಮೋಸ ಮಾಡಿದ.”

“ಬೇಸಿಗೆಗೆ ಮುಂಚೆ ನೇರಳೆ ಬಿಟ್ಟಿದ್ದು ನೀವೂ ನೋಡಿದ್ರಲ್ಲ?”

ಅವರ ನಗು ನಿಂತಿತು. “ಹೌದಲ್ವೇ.”

ಯಾರೋ ಗಿಡವನ್ನೇ ಬದಲಾಯಿಸಿದ್ದಾರೆ ಅಂತ ಮೊದಲು ನನಗನ್ನಿಸಿದ್ದು. ನೇರ ಹೋಗಿ ಬುಡದ ಮಣ್ಣು ಬಿಡಿಸಿದೆ. ಹಳೆಯ ಮೋಟು ಅಲ್ಲೇ ಇತ್ತು, ಈಗ ಒಣಗಿತ್ತು. ಅದರ ಕೆಳಗೆ, ಮಣ್ಣಿನ ಮಟ್ಟದಲ್ಲಿ, ಗಂಟಿನಂಥ ಒಂದು ಉಬ್ಬು. ಹೊಸ ಬಳ್ಳಿ ಹೊರಟಿದ್ದು ಆ ಗಂಟಿನ ಕೆಳಗಿನಿಂದ. ನನ್ನ ತಂದೆ ಕಾಡುಹಿಪ್ಪಲಿ ಬಳ್ಳಿಗೆ ಕರಿಮೆಣಸು ಕಸಿ ಕಟ್ಟುವುದನ್ನು ನೋಡಿ ಬೆಳೆದವಳು ನಾನು. ಕಸಿಯ ಗಂಟು ಗೊತ್ತಾಗದೆ ಇರುತ್ತದೆಯೇ? ಕಾಡುಬಳ್ಳಿಯ ಬೇರಿಗೆ ನೇರಳೆ ಬಳ್ಳಿ ಕಸಿ ಕಟ್ಟಿ ಮಾರಿದ್ದಾರೆ. ಮೇಲಿನದು ಹೋದ ಮೇಲೆ ಕೆಳಗಿನದು ತನ್ನ ಪಾಡಿಗೆ ತಾನು ಚಿಗುರಿದೆ. ಗಿಡ ಯಾರೂ ಬದಲಾಯಿಸಿರಲಿಲ್ಲ. ಮೇಲಿನ ಹಸಿ ಬಳ್ಳಿ ಎಲ್ಲಿ ಹೋಯಿತು ಅನ್ನುವುದೊಂದೇ ಉಳಿದ ಪ್ರಶ್ನೆ.

ಹಂಚಿನ ಮೇಲೆ ಹಬ್ಬಿದ್ದನ್ನು ಒಂದು ಭಾನುವಾರ ಸವರಿದೆ. ಬರಿಗೈಯಲ್ಲಿ ಎಳೆದು, ಕತ್ತರಿಸಿ, ಮುದ್ದೆ ಮಾಡಿ ಎಸೆದೆ. ಸಂಜೆಗೆ ಬೆರಳು ಉರಿ. ಮರುದಿನ ನೀರುಗುಳ್ಳೆ ಎದ್ದವು, ನೋಡಿದವರು ಬಿಸಿ ಎಣ್ಣೆ ಬಿದ್ದಿದೆ ಅನ್ನಬೇಕು, ಹಾಗೆ. ಸೂಜಿ ಹಿಡಿಯಲಾಗದೆ ಬಟ್ಟೆ ಸುತ್ತಿಕೊಂಡೆ. ಸುತ್ತಿಕೊಳ್ಳುತ್ತಿರುವಾಗಲೇ ಅಕ್ಕನ ಆ ಎರಡು ಬೆರಳು ಕಣ್ಣ ಮುಂದೆ ಬಂದವು. ಒಣಗಿದ ಬಳ್ಳಿಯಲ್ಲಿ ಸುಡುವ ರಸ ಎಲ್ಲಿರುತ್ತದೆ? ಅಕ್ಕ ಹಿಡಿದದ್ದು ಹಸಿ ಬಳ್ಳಿಯನ್ನೇ.

ಆಗಲೂ ಹೋಗಿ ಕೇಳಲಿಲ್ಲ. ಕೇಳಿ ಅವರು ಇಲ್ಲ ಅಂದುಬಿಟ್ಟರೆ ಆಮೇಲೆ ಆ ಮನೆಗೆ ಹೋಗುವುದು ಹೇಗೆ?

ಚಳಿಗಾಲ ಕಳೆಯುವ ಹೊತ್ತಿಗೆ ಹೊಲಿಗೆಗೆ ಕೊಡಲು ಒಬ್ಬ ಹುಡುಗಿ ಬಂದಳು. ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು, ಅಕ್ಕನ ಅಂಗನವಾಡಿಯಲ್ಲೇ ಓದಿದವಳು. ಮದುವೆ ಗೊತ್ತಾಗಿತ್ತು. ರವಿಕೆಯ ಅಂಚಿಗೆ ಬಣ್ಣ ಹೇಳಲು ಮೊಬೈಲು ತೆಗೆದಳು.

“ಈ ಹೂವಿನ ಬಣ್ಣ ಬೇಕು ಆಂಟಿ. ಪಕ್ಕದ್ಮನೆ ಟೀಚರ್ ಇವತ್ತು ವಾಟ್ಸಾಪ್ ಸ್ಟೇಟಸ್ ಹಾಕಿದ್ರು, ಎಷ್ಟ್ ಚಂದ ಅಲ್ವಾ?”

ಅಂಗೈಯಗಲದ ನೇರಳೆ ಹೂ. ನಡುವೆ ಗಾಢವಾದ ಗೀರು. ಹಿಂದೆ ಅಕ್ಕನ ಬಚ್ಚಲ ಒಲೆಯ ಮಸಿ ಹಿಡಿದ ಗೋಡೆ.

ಹುಡುಗಿ ಹೋದ ಮೇಲೆ ನನ್ನ ಮೊಬೈಲಿನಲ್ಲಿ ಸ್ಟೇಟಸ್ ತೆರೆದು ನೋಡಿದೆ. ಅಕ್ಕನದು ಇರಲಿಲ್ಲ. ಕಾಲೇಜಿನಿಂದ ಬಂದ ಮಗಳಿಗೆ ಕೇಳಿದೆ, ಅವಳ ಮೊಬೈಲಿನಲ್ಲೂ ಇಲ್ಲ. “ನಮ್ಮಿಬ್ಬರಿಗೂ ಕಾಣದ ಹಾಗೆ ಮಾಡಿದಾರಮ್ಮ” ಅಂದಳು. ಅಳು ಬಂದದ್ದು ಆಗ. ಒಂದು ಗಿಡವನ್ನು ಬಚ್ಚಿಡುವುದು ಬೇರೆ. ಮೊಬೈಲಿನಲ್ಲಿ ಕೂತು, ಹೆಸರು ಹುಡುಕಿ, ಇವಳಿಗೆ ಬೇಡ ಅಂತ ಒತ್ತುವುದು ಬೇರೆ.

ಒಗೆಯುವ ಕಲ್ಲಿನ ಮೇಲೆ ಹತ್ತಿ, ಸೀರೆ ಎತ್ತಿ ಕಟ್ಟಿ, ಆ ಗೋಡೆ ದಾಟಿದೆ. ಬಚ್ಚಲ ಹಿಂದೆ, ನಮ್ಮ ಮನೆಯಿಂದ ಕಾಣದ ಮೂಲೆಯಲ್ಲಿ, ಹಳೆ ಬಕೆಟ್ಟಿನೊಳಗೆ ಬಳ್ಳಿ. ಬಿದಿರಿನ ಕಡ್ಡಿ ನೆಟ್ಟು ಹಬ್ಬಿಸಿದ್ದರು. ಬುಡಕ್ಕೆ ನೆರಳಾಗಲಿ ಅಂತ ಅಡಕೆ ಹಾಳೆ ಮುಚ್ಚಿದ್ದರು. ಏಳೆಂಟು ಹೂ. ನನ್ನ ಹತ್ತಿರ ಇಷ್ಟು ಚೆನ್ನಾಗಿ ಅದು ಎಂದೂ ಇರಲಿಲ್ಲ.

ಸದ್ದಿಗೆ ಅಕ್ಕ ಹಿಂಬಾಗಿಲಿಗೆ ಬಂದರು. ನನ್ನನ್ನು ನೋಡಿದರು, ಬಕೆಟ್ಟು ನೋಡಿದರು. ಬಾಗಿಲ ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಒಣಗಿ ಹೋತು ಅಂದ್ರಲ್ಲ ಅಕ್ಕ?”

“ಮಂಗ ಬಂದಿದ್ವು ಕಣೇ. ತಂತಿ ಹಿಡ್ದು ಜೋತಾಡಿ ಬುಡದ ಹತ್ರ ಬಳ್ಳಿ ಸೀಳಿಹೋತು. ನೀನು ನಂಬಿ ಬಿಟ್ಟೋಗಿದ್ದೆ. ಹೆದ್ರಿಕೆ ಆತು. ಸೀಳಿದ್ದನ್ನ ಕತ್ತರ್‍ಸಿ, ತುಂಡು ಮಾಡಿ ಮರಳಲ್ಲಿ ಚುಚ್ಚಿಟ್ಟೆ. ಬೇರು ಬಂದ್ರೆ ನಿಂಗೇ ಕೊಡಣ ಅಂತ. ಒಂದು ಬದ್ಕಿತು.”

“ಬದ್ಕಿದ ಮೇಲೆ ಕೊಡ್ಬಹುದಿತ್ತಲ್ಲ?”

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. “ಹೂ ಬಿಡ್ತಲ್ಲೇ” ಅಂದರು. “ನನ್ನ ಕೈಲಿ ಮೊದಲ್ನೇ ಸಲ ಒಂದು ಗಿಡ ಹೂ ಬಿಡ್ತು. ಕೊಡಕ್ಕೆ ಮನಸ್ಸು ಬರ್ಲಿಲ್ಲ. ನಿಂಗೆ ಹೇಳಿದ್ರೆ ಕೊಡ್ಬೇಕಾಗ್ತದೆ. ಅದ್ಕೆ ಹೇಳ್ಲಿಲ್ಲ.”

ಅಷ್ಟು ದಿನ ನಾನು ಕಟ್ಟಿಕೊಂಡಿದ್ದ ಜಗಳದ ಮಾತುಗಳಲ್ಲಿ ಯಾವುದೂ ಇದಕ್ಕೆ ಹೊಂದಲಿಲ್ಲ. ಸಿಟ್ಟು ಹೋಯಿತು ಅಂತಲ್ಲ. ಸ್ಟೇಟಸ್ಸಿನ ವಿಷಯ ಎತ್ತಿದೆ. ಅವರ ಮುಖ ಕೆಂಪಾಯಿತು. “ತಗಂಡೋಗು” ಅಂದರು. ನಾನು ಬಕೆಟ್ಟು ಎತ್ತಿಕೊಂಡೆ. ಅವರೇ ಎದ್ದು ಗೇಟಿನ ಚಿಲಕ ತೆಗೆದರು.

ನಮ್ಮ ಹಿತ್ತಲಿಗೆ ಬಂದ ಬಳ್ಳಿ ವಾರದೊಳಗೆ ಸೊರಗಿತು. ಮೊಗ್ಗು ಜೋಲಿತು, ಎಲೆ ಕಪ್ಪಾಯಿತು. ಕೊಡುವ ಮೊದಲು ಬಿಸಿನೀರು ಹೊಯ್ದರೋ ಅಂತ ಕೂಡ ಯೋಚಿಸಿದೆ. ಕೊಡುವುದು ಅವರಿಗೆ ಗೊತ್ತೇ ಇರಲಿಲ್ಲ, ಬಿಸಿನೀರು ಕಾಯಿಸುವುದು ಯಾವಾಗ? ಆದರೂ ಮಣ್ಣು ಮೂಸಿ ನೋಡಿದೆ.

ಆ ವಾರ ಅಕ್ಕ ಗೇಟಿನಲ್ಲಿ ನಿಂತು ನೋಡಿದರು, ಒಳಗೆ ಬರಲಿಲ್ಲ. “ಬಕೆಟ್ಟು ಬಿಸಿಲಲ್ಲಿ ಇಟ್ಟಿದೀಯ. ಬುಡ ಕಾದೋಗಿದೆ. ಕಲ್ಲಿನ ಹಿಂದಕ್ಕೆ ತಳ್ಳು, ಮೇಲಿಂದು ಕತ್ತರ್‍ಸು. ಬರಿಗೈಲಿ ಮುಟ್ಟಬೇಡ, ಬೊಬ್ಬೆ ಬರ್ತದೆ.”

“ಗೊತ್ತು” ಅಂದೆ.

ಅವರು ಹೇಳಿದ ಹಾಗೆ ಮಾಡಿದೆ. ಮಳೆ ಬಂದು ಚಿಗುರಿತು. ಚಿಗುರು ಉದ್ದವಾದ ಮೇಲೆ ಎರಡು ಕುಡಿಗಳನ್ನು ಬಗ್ಗಿಸಿ, ಪಕ್ಕದಲ್ಲಿಟ್ಟ ಕುಂಡಗಳ ಮಣ್ಣಿನಲ್ಲಿ ಹೂತು, ಮೇಲೆ ಕಲ್ಲು ಹೇರಿದೆ. ಬೇರು ಬಿಟ್ಟ ಮೇಲೆ ತಾಯಿ ಬಳ್ಳಿಯಿಂದ ಬಿಡಿಸಿ ಒಂದು ಕುಂಡ ಗೇಟಿನಾಚೆ ಇಟ್ಟೆ. ಅದನ್ನು ಮಾಡಿದ್ದು ಪ್ರೀತಿಯಿಂದಲೋ, ಇನ್ನು ಬಚ್ಚಿಡಲು ಅವರ ಹತ್ತಿರ ಏನೂ ಇರದಿರಲಿ ಅಂತಲೋ, ನನಗೇ ಸರಿಯಾಗಿ ಗೊತ್ತಿಲ್ಲ.

ಅಕ್ಕ ಕುಂಡವನ್ನು ಬಗ್ಗಿ ನೋಡಿದರು. “ಇದು ನೇರಳೇನೇ ತಾನೆ? ಬಿಳೀದಲ್ಲ ತಾನೆ?”

“ಹೂ ಬಿಟ್ಟಾಗ ನೋಡಿ” ಅಂದೆ.

ಅವರು ನನ್ನ ಮುಖ ನೋಡಿದರು, ಕುಂಡ ಎತ್ತಿಕೊಂಡರು, ಒಳಗೆ ಹೋದರು. ಮಂಗನ ವಿಷಯ ನಾನು ಆಮೇಲೆ ಕೇಳಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಸಾಲಿಗೆ ಮಂಗ ಬಂದದ್ದನ್ನು ಬೇರೆ ಯಾರೂ ಕಂಡಿಲ್ಲವಂತೆ. ಆದರೆ ಹಗಲು ಹೊತ್ತು ಮನೆಯಲ್ಲಿ ಇರುವವರಾದರೂ ಎಷ್ಟು ಜನ.