ನನ್ನ ಕೇಳಿ ಸಾಮಿ

ದೇವಲಾಪುರದ ಬಡಗಿ ಸಿದ್ದಲಿಂಗಾಚಾರಿ ಯಾರ ಮುಖವನ್ನೂ ನೋಡುವುದಿಲ್ಲ. ಮೇಜು ಕುರ್ಚಿಗಳ ಕಾಲು ನೋಡುತ್ತಾನೆ. ಒಂದೇ ಮಾತನ್ನು ಎರಡು ಸಲ ಹೇಳುತ್ತಾನೆ, ಬಸ್ಸಿನ ಹಾರನ್ನಿಗೆ ಕಿವಿ ಮುಚ್ಚಿಕೊಳ್ಳುತ್ತಾನೆ, ಕುರ್ಚಿ ಅಲುಗಿದರೆ ಮದುವೆಮನೆಯಲ್ಲಿ ಗಂಡನ್ನೇ ಎಬ್ಬಿಸಿ ಅದರ ಕಾಲಿಗೆ ಮರದ ಚಕ್ಕೆ ಕೊಡುತ್ತಾನೆ. ಸರ್ಕಾರದ ಬಡಗಿ ಕೆಲಸ ಕೇಳಲು ನಾಗಮಂಗಲದ ಅಂಗವಿಕಲರ ಶಿಬಿರಕ್ಕೆ ಪ್ರತಿಸಲವೂ ಬರುತ್ತಾನೆ. ಅವನಿಗಿರುವ ಆಟಿಸಂ ಹೊಸ ಕಾನೂನಿನ ಪಟ್ಟಿಯಲ್ಲಿದೆ. ಅರ್ಜಿ ಬರೆದುಕೊಡಲು ನಾನು ಪಕ್ಕದಲ್ಲಿ ಕೂತಿದ್ದೆ. ಅಧಿಕಾರಿ ಅವನನ್ನು ಬಿಟ್ಟು ಅವನ ಅಣ್ಣನನ್ನು ಕೇಳಿದರು: "ಇವ್ನ ಕೈಲಿ ಏನಾದ್ರೂ ಆಯ್ತದೇನಪ್ಪ?" "ನನ್ನ ಕೇಳಿ ಸಾಮಿ. ನನ್ನ ಕೇಳಿ," ಎಂದ ಸಿದ್ದಲಿಂಗಾಚಾರಿ. ಅವರು ಕೇಳಲಿಲ್ಲ, 'ಯಾವ ಕೆಲಸಕ್ಕೂ ಬಾರದವನು' ಎಂದು ಬರೆದರು. ಅವನು ದಿಟ್ಟಿಸುತ್ತಿದ್ದ ಕಡೆ ಬಗ್ಗಿ ನೋಡಿದೆ. ಅವರು ಬರೆಯುತ್ತಿದ್ದ ಮೇಜಿನ ಕಾಲಿನಲ್ಲಿ ಉಳಿಯಿಂದ ಕೆತ್ತಿತ್ತು: 'ಸಿದ್ದಲಿಂಗಾಚಾರಿ, ದೇವಲಾಪುರ'.