ಅಡಿಸನ್ ಸ್ಟೇಷನ್ನಿನ ಶಕುನ

ಅಂಬುಜಮ್ಮನವರಿಗೆ ಬೇಸ್‌ಬಾಲ್ ಹುಚ್ಚು ಹಿಡಿಸಿದ್ದು ಅವರ ಮನೆಯೊಡತಿ ವಾಂಡಾ. ಅದು ೧೯೬೯. ಅಂಬುಜಮ್ಮ ಷಿಕಾಗೋದ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ನರ್ಸ್. ಕಬ್ಸ್ ತಂಡದ ಮೈದಾನದಲ್ಲಿ ಆಗ ದೀಪಗಳೇ ಇರಲಿಲ್ಲ, ಅಲ್ಲಿ ಆಡುವ ಆಟವೆಲ್ಲ ಹಗಲಿನಲ್ಲೇ. ಮರ್ಯಾದಸ್ಥರೆಲ್ಲ ಆಫೀಸಿನಲ್ಲಿರುವ ಹೊತ್ತಿನಲ್ಲಿ ಬಿಡುವಾಗಿರುವವರು ಯಾರು? ಶಾಲೆಗೆ ಚಕ್ಕರ್ ಹೊಡೆದವರು, ಪಿಂಚಣಿದಾರರು, ಕುಡುಕರು, ರಾತ್ರಿ ಪಾಳಿಯ ನರ್ಸುಗಳು. ಹೆಂಗಸರಿಗೆ ರಿಯಾಯಿತಿಯಿದ್ದ ಒಂದು ಮಧ್ಯಾಹ್ನ ವಾಂಡಾ ಅವರನ್ನು ನಿದ್ದೆಯಿಂದ ಎಬ್ಬಿಸಿ ಎಳೆದೊಯ್ದು, ಬ್ಲೀಚರ್ಸ್ ಎಂಬ ಬಯಲು ಬೆಂಚಿನ ಮೇಲೆ ಕೂರಿಸಿ, ಕೈಗೊಂದು ಕಡಲೆಕಾಯಿ ಪೊಟ್ಟಣ ಕೊಟ್ಟಳು. ಅಲ್ಲಿಗೆ ಮುಗಿಯಿತು ಕಥೆ.

ನಿಯಮ ಒಂದೂ ತಿಳಿಯದೆ ಮೊದಲ ದಿನವೇ ಗಂಟಲು ಕಟ್ಟುವಷ್ಟು ಕೂಗಿದರಂತೆ. ತಿಂಗಳೊಳಗೆ ಬಿಳಿ ಸೀರೆಯ ಮೇಲೆ ನೀಲಿ ಟೋಪಿ ಬಂತು. ಅಂಪೈರನ್ನು ಮೈಸೂರು ಕನ್ನಡದಲ್ಲಿ ಬಯ್ಯುವುದು ಶುರುವಾಯಿತು. ಸುತ್ತಲಿನ ಬಿಯರ್ ಹೊಟ್ಟೆಯ ಗಂಡಸರು ಆ ಬೈಗುಳಗಳನ್ನು ಬಾಯಿಪಾಠ ಮಾಡಿಕೊಂಡು ಒಕ್ಕೊರಲಿನಿಂದ ‘ನಿನ್ ಕಣ್ಣಿಗ್ ಸುಣ್ಣ ಹಾಕಾ’ ಎಂದು ಅರಚುತ್ತಿದ್ದರು. ಆ ಬೇಸಿಗೆ ಕಬ್ಸ್ ಗೆಲ್ಲುತ್ತಲೇ ಇತ್ತು. ದಶಕಗಟ್ಟಲೆ ಸೋತ ತಂಡ ಗೆಲ್ಲತೊಡಗಿದಾಗ ಇಡೀ ಊರಿಗೆ ಜ್ವರ ಬಂದಂತಾಗುತ್ತದೆ. ಬಸ್ ಡ್ರೈವರುಗಳು ನಿಲ್ದಾಣವಲ್ಲದ ಕಡೆ ಬಸ್ ನಿಲ್ಲಿಸಿ ಸ್ಕೋರ್ ಕೇಳುತ್ತಿದ್ದ ಕಾಲ ಅದು.

ಇದೇ ಅಂಬುಜಮ್ಮ ಮೈಸೂರಿನಲ್ಲಿ ಹತ್ತೊಂಬತ್ತಕ್ಕೆ ವಿಧವೆಯಾದವರು. ಕೆಲಸಕ್ಕೆ ಹೊರಟವರು ಅವರನ್ನು ಎದುರಿಗೆ ಕಂಡರೆ ವಾಪಸು ಮನೆಯೊಳಕ್ಕೆ ಹೋಗಿ, ನೀರು ಕುಡಿದು, ಐದು ನಿಮಿಷ ಕೂತು ಮತ್ತೆ ಹೊರಡುತ್ತಿದ್ದರು. ನರ್ಸಿಂಗ್ ಸೇರಿದ್ದೇಕೆ ಎಂದು ಯಾರೋ ಕೇಳಿದಾಗ ಅವರು ಕೊಟ್ಟ ಉತ್ತರ ನನಗಿನ್ನೂ ಚುಚ್ಚುತ್ತದೆ: ಆಸ್ಪತ್ರೆಯಲ್ಲಿ ಯಾವ ನರ್ಸೂ ಬಳೆ ತೊಡುವ ಹಾಗಿಲ್ಲವಂತೆ. ಎಲ್ಲರ ಕೈಯೂ ಬೋಳು. ಅಲ್ಲಿ ಯಾರೂ ನನ್ನ ಕೈ ನೋಡಲ್ಲ ಎಂದರು.

ಈಗ ಶೇಷಗಿರಿ, ಅಂಬುಜಮ್ಮನವರ ಪರಿಚಯದ ಕನ್ನಡಿಗ. ಷಿಕಾಗೋದ ಎತ್ತರದ ಕಟ್ಟಡಗಳು ಗಾಳಿಗೆ ಎಷ್ಟು ಬಾಗುತ್ತವೆಂದು ಲೆಕ್ಕ ಹಾಕುವ ಇಂಜಿನಿಯರ್. ಇಂಥ ಮನುಷ್ಯ ಕಬ್ಸ್ ಗೆದ್ದ ದಿನ ಹಾಕಿದ್ದ ಕಾಲುಚೀಲವನ್ನು ಒಗೆಯಲು ಬಿಡುತ್ತಿರಲಿಲ್ಲ. ಬಸುರಿ ಹೆಂಡತಿ ಪದ್ಮ ಆ ಕಾಲುಚೀಲಕ್ಕೆ ಕಿಟಕಿಯ ಹೊರಗೆ ಪ್ರತ್ಯೇಕ ವಸತಿ ಮಾಡಿದ್ದಳು. ಅಂಬುಜಮ್ಮ ಬ್ಲೀಚರ್ಸ್‌ನಲ್ಲಿ ಕೂತ ದಿನಗಳಲ್ಲಿ ತಂಡ ಗೆಲ್ಲುತ್ತದೆ ಎಂಬ ಮಹಾಸತ್ಯ ಜುಲೈನಲ್ಲಿ ಶೇಷಗಿರಿಗೆ ಹೊಳೆಯಿತು. ಆ ವರ್ಷ ಯಾರು ಕೂತರೂ ಗೆಲ್ಲುತ್ತಿತ್ತು, ಬೆಂಚಿನ ಮೇಲೆ ಪಾರಿವಾಳ ಕೂತರೂ. ಆದರೆ ಡಿಗ್ರಿ ಇರುವವರ ಮೂಢನಂಬಿಕೆ ಡಿಗ್ರಿ ಇಲ್ಲದವರದ್ದಕ್ಕಿಂತ ಗಟ್ಟಿ. ಅದಕ್ಕೆ ಗ್ರಾಫು ಬೇರೆ ಇರುತ್ತದೆ.

ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಷಿಕಾಗೋದಲ್ಲಿದ್ದ ಬೆರಳೆಣಿಕೆಯ ಕನ್ನಡದ ಹೆಂಗಸರೆಲ್ಲ ಶೇಷಗಿರಿ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರು. ಅಂಬುಜಮ್ಮನವರನ್ನು ಕರೆಯಲಿಲ್ಲ. ಮರುದಿನ ಶೇಷಗಿರಿಯ ಕಾರು ಅಂಬುಜಮ್ಮನ ಬಾಗಿಲಲ್ಲಿ ನಿಂತಿತ್ತು, ಅವರನ್ನು ಆಟಕ್ಕೆ ಕರೆದೊಯ್ಯಲು. ಲಕ್ಷ್ಮಿಗೆ ಬೇಡವಾದವರು ಕಬ್ಸ್‌ಗೆ ಬೇಕಾಗಿದ್ದರು.

ಆ ದಾರಿಯಲ್ಲೇ ಶೇಷಗಿರಿ ಆಡಿನ ಕಥೆ ಹೇಳಿದ್ದು. ಷಿಕಾಗೋದಲ್ಲಿ ಎಲ್ಲರೂ ಹೇಳುವ ಕಥೆ: ೧೯೪೫ರಲ್ಲಿ ಹೆಂಡದಂಗಡಿಯವನೊಬ್ಬ ತನ್ನ ಸಾಕಿದ ಆಡಿನ ಜೊತೆ ಆಟಕ್ಕೆ ಬಂದ, ನಾರುತ್ತದೆ ಎಂದು ಆಡನ್ನು ಹೊರಗೆ ಹಾಕಿದರು, ಅವನು ಶಾಪ ಹಾಕಿದ, ಅವತ್ತಿನಿಂದ ತಂಡ ಉದ್ಧಾರವಾಗಿಲ್ಲ. ಅಂಬುಜಮ್ಮ ಗಂಭೀರವಾಗಿ ಕೇಳಿ, ಆಡಿಗೆ ಟಿಕೆಟ್ ಇತ್ತೇ ಎಂದರು. ಇತ್ತಂತೆ ಎಂದರು ಶೇಷಗಿರಿ. ಹಾಗಾದರೆ ತಪ್ಪು ಆಡಿನದ್ದಲ್ಲ ಎಂದು ತೀರ್ಪು ಕೊಟ್ಟು ಅಂಬುಜಮ್ಮ ಕಡಲೆಕಾಯಿ ಸುಲಿಯತೊಡಗಿದರು.

ಆಗಸ್ಟ್ ಕೊನೆಗೆ ತಂಡ ಮುಗ್ಗರಿಸತೊಡಗಿತು. ಅಂಕಪಟ್ಟಿಯಲ್ಲಿ ನ್ಯೂಯಾರ್ಕಿನವರು ಹಿಂದಿನಿಂದ ಓಡಿಬರುತ್ತಿದ್ದರು. ಶೇಷಗಿರಿ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿ ಬೆಂಚಿನ ಕೆಳಗೆ ಕಟ್ಟಿದರು. ಅಲ್ಲಿನ ಕಾವಲುಗಾರ ನಿಂಬೆಹಣ್ಣನ್ನು ಬಿಚ್ಚಿಕೊಂಡು ತನ್ನ ಐಸ್ ಟೀಗೆ ಹಿಂಡಿಕೊಂಡ. ಮೆಣಸಿನಕಾಯಿಯನ್ನೂ ಕಚ್ಚಿ ನೋಡಿದನಂತೆ. ಆಮೇಲೆ ಎರಡು ಇನ್ನಿಂಗ್ಸ್ ಆತ ಕಾಣಿಸಲಿಲ್ಲ.

ಇಷ್ಟರಲ್ಲಿ ಪದ್ಮಳ ಸೀಮಂತ ಸೆಪ್ಟೆಂಬರಿನ ಮೊದಲ ಭಾನುವಾರಕ್ಕೆ ಗೊತ್ತಾಯಿತು. ಅಮೆರಿಕದಲ್ಲಿ ಮುಹೂರ್ತವೆಂದರೆ ಭಾನುವಾರ. ಪಂಚಾಂಗ ಪಾರ್ಕಿಂಗ್ ನೋಡಿಕೊಂಡು ನಡೆಯುತ್ತದೆ. ಮಂತ್ರ ಹೇಳಲು ಡೆಟ್ರಾಯಿಟ್‌ನಿಂದ ತಿರುಮಲೇಶ ಡ್ರೈವ್ ಮಾಡಿಕೊಂಡು ಬರುವುದೆಂದಾಯಿತು. ಕಾರು ಕಾರ್ಖಾನೆಯಲ್ಲಿ ಕೆಲಸ, ತಾತನಿಂದ ಕಲಿತ ಮಂತ್ರ. ತವರಿನಿಂದ ಪದ್ಮಳ ತಾಯಿ ಹತ್ತಿಯಲ್ಲಿ ಸುತ್ತಿ ಹಸಿರು ಗಾಜಿನ ಬಳೆ ಕಳಿಸಿದ್ದರು. ಆ ಬಳೆಯನ್ನು ಮೊದಲು ಅಂಬುಜಾ ಆಂಟಿಯೇ ತೊಡಿಸಬೇಕೆಂದು ಪದ್ಮಳ ಹಟ. ಮೊದಲ ಬಸಿರು, ಅಮ್ಮ ಹತ್ತಿರವಿಲ್ಲ. ತಿಂಗಳುಗಟ್ಟಲೆ ಅವಳ ವಾಂತಿ, ಭಯ, ಕಾಲಿನ ಬಾವು ಎಲ್ಲವನ್ನೂ ನೋಡಿಕೊಂಡದ್ದು ಅಂಬುಜಮ್ಮ. ಹಾಗೆಂದು ಅವರನ್ನು ಕೇಳಿಯೂ ಬಿಟ್ಟಳು. ಮರುದಿನ ಅವರು, ಗಾಜಿನ ಬಳೆ ಏರಿಸಲು ಕೈಗೆ ಸೋಪು ಹಚ್ಚಬೇಕೋ ಎಣ್ಣೆಯೋ ಎಂದು ಫೋನ್ ಮಾಡಿ ವಿಚಾರಿಸಿದರಂತೆ. ಆ ವಯಸ್ಸಿನವರೆಗೆ ಒಬ್ಬರ ಕೈಗೂ ಬಳೆ ಇಟ್ಟವರಲ್ಲ. ಇಡಲು ಬಿಟ್ಟವರಿಲ್ಲ.

ಬುಧವಾರ ಶೇಷಗಿರಿ ಅಂಬುಜಮ್ಮನ ಮನೆಗೆ ಬಂದರು, ಪದ್ಮಳೂ ಸೊಂಟ ಹಿಡಿದುಕೊಂಡು ಹಿಂದೆಯೇ ಮೆಟ್ಟಿಲು ಹತ್ತಿ ಬಂದಳು. ಶೇಷಗಿರಿಯ ಕೈಯಲ್ಲಿ ಭಾನುವಾರದ ಆಟದ ಟಿಕೆಟ್. ತಂಡದ ಹಣೆಬರಹವೇ ಆ ವಾರ ತೀರ್ಮಾನವಾಗುತ್ತದೆ, ಆಂಟಿ ಅಲ್ಲಿರದಿದ್ದರೆ ಹೇಗೆ, ಮನೆಯ ಕಾರ್ಯಕ್ರಮ ಹೇಗೋ ನಡೆಯುತ್ತದೆ, ಬರುವ ಹೆಂಗಸರಲ್ಲಿ ಹಳೇಕಾಲದವರು ಒಬ್ಬಿಬ್ಬರಿದ್ದಾರೆ, ಸುಮ್ಮನೆ ಒಂದು ಮಾತು ಯಾಕೆ ಎಂದು ಬೆಣ್ಣೆ ಸವರಿದ ದನಿಯಲ್ಲಿ ಹೇಳಿದರು.

ಅಂಬುಜಮ್ಮ ಟಿಕೆಟನ್ನು ತಿರುಗಿಸಿ ನೋಡಿದರು.

“ಶೇಷಗಿರಿ, ಒಂದು ಅನುಮಾನ. ಮೈದಾನ ಇರೋ ಅಡಿಸನ್ ಸ್ಟೇಷನ್ನಿನಲ್ಲಿ ನಾನು ಒಳ್ಳೇ ಶಕುನ. ನಿಮ್ಮ ಮನೆ ಇರೋ ಲಯೋಲಾ ಸ್ಟೇಷನ್ನಿನಲ್ಲಿ ಕೆಟ್ಟ ಶಕುನ. ಒಂದೇ ಟ್ರೇನು, ಅದೇ ಸೀರೆ. ಮಧ್ಯೆ ಎಲ್ಲಿ ಬದಲಾಗ್ತೀನಿ, ವಿಲ್ಸನ್ನಲ್ಲೋ ಬ್ರಿನ್ ಮಾರ್‌ನಲ್ಲೋ?”

ಗಾಳಿಯ ಒತ್ತಡ ಅಳೆಯುವ ಇಂಜಿನಿಯರ್ ಕಿಟಕಿ ತೆರೆಯಲು ಎದ್ದರು. ಅಂಬುಜಮ್ಮ ಟಿಕೆಟ್ ಇಟ್ಟುಕೊಂಡರು. ಆಟ ಅವರಿಗೆ ಇಷ್ಟ, ಅದನ್ನೇಕೆ ಬಿಡಬೇಕು? ಪದ್ಮ ಕೆಳಗಿಳಿಯುವಾಗ ಗಂಡನ ಕೈ ಹಿಡಿಯಲಿಲ್ಲ.

ಭಾನುವಾರ ಮಂತ್ರ ಮುಗಿಯಿತು. ಬಳೆ ತೊಡಿಸಲು ಹೆಂಗಸರು ಸುತ್ತ ನೆರೆದರು. ಪದ್ಮ ಬಳೆಯ ಡಬ್ಬಿ ಎತ್ತಿಕೊಂಡು, ಮುಡಿತುಂಬ ಹೂವು, ಜರಿಸೀರೆ, ಏಳು ತಿಂಗಳ ಹೊಟ್ಟೆಯ ಸಮೇತ ಚಪ್ಪಲಿ ಮೆಟ್ಟಿದಳು. ತೊಡಿಸುವವರು ಇಲ್ಲಿಲ್ಲ, ಅವರಿರುವಲ್ಲಿಗೆ ಹೋಗುತ್ತೇನೆ ಎಂದಷ್ಟೇ ಹೇಳಿ ಲಯೋಲಾ ಸ್ಟೇಷನ್ನಿನ ಮೆಟ್ಟಿಲು ಹತ್ತಿದಳು. ಹಿಂದೆ ಕೋಸಂಬರಿ ಡಬ್ಬಿ ಹಿಡಿದ ಹೆಂಗಸರು. ಹಳೇಕಾಲದವರು ಎಂದು ಶೇಷಗಿರಿ ಹೆದರಿಸಿದ್ದ ಆ ಒಬ್ಬಿಬ್ಬರೇ ಎಲ್ಲರಿಗಿಂತ ಮುಂದೆ, ಅವರಿಗೆ ಬೇಸ್‌ಬಾಲ್ ನೋಡುವ ಆಸೆ. ಅವರ ಹಿಂದೆ ಪಂಚೆ ಎತ್ತಿಕಟ್ಟಿದ ಶೇಷಗಿರಿ, ನಗು ತಡೆಯಲಾರದ ತಿರುಮಲೇಶ. ರೈಲಿನಲ್ಲಿದ್ದವರು ಇದು ಯಾವ ತಂಡದ ಸಮವಸ್ತ್ರ ಎಂದು ಕೇಳಿದರಂತೆ.

ಬ್ಲೀಚರ್ಸ್‌ನಲ್ಲಿ ಬಸುರಿ ಬಂದಳೆಂದು ಬಿಯರ್ ಹೊಟ್ಟೆಗಳೆಲ್ಲ ಎದ್ದು ದಾರಿ ಬಿಟ್ಟವು. ಅಂಬುಜಮ್ಮ ಟೋಪಿ ತೆಗೆದು ಎದ್ದು ನಿಂತರು. ಯೋಚನೆ ಮಾಡಿ ಬಂದಿದೀಯಾ ಎಂದು ಮೆಲ್ಲಗೆ ಕೇಳಿದರು.

“ಬೇಗ ತೊಡ್ಸಿ ಆಂಟಿ, ಬಿಸಿಲು,” ಎಂದು ಪದ್ಮ ಕೈ ಚಾಚಿದಳು.

ಎಂಥ ಬಾವು ಬಂದ ತೋಳಿನಲ್ಲೂ ನರ ಹುಡುಕಿ ಸೂಜಿ ಚುಚ್ಚುವ ಕೈಗೆ ಈ ಕೆಲಸ ಹೊಸದು. ಮೊದಲ ಬಳೆ ಗೆಣ್ಣಿನ ಹತ್ತಿರ ಚಟಕ್ಕೆಂದು ಒಡೆಯಿತು.

ಹೆಂಗಸರಲ್ಲಿ ಒಬ್ಬರು ‘ಅಯ್ಯೋ’ ಎಂದರು. ಶೇಷಗಿರಿ ಎರಡು ಹೆಜ್ಜೆ ಹಿಂದೆ ಸರಿದರು. ಇದನ್ನು ಓದುತ್ತಿರುವವರಲ್ಲೂ ಕೆಲವರ ಎದೆ ಧಸಕ್ಕೆಂದಿರಬಹುದು. ಅಂಥವರಿಗಾಗಿ ಹೇಳುತ್ತೇನೆ, ಮಗು ಚೆನ್ನಾಗಿ ಹುಟ್ಟಿತು, ಅದಕ್ಕೂ ಗಾಜಿಗೂ ಸಂಬಂಧವಿಲ್ಲ. ಇದನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದೇ ನಮ್ಮ ನಾಚಿಕೆಗೇಡು. ಆ ಗಳಿಗೆಯಲ್ಲಿ ಆಕಾಶ ಕಳಚಿ ಬೀಳಲಿಲ್ಲ. ಮೈದಾನದ ನಡುವೆ ಚೆಂಡೆಸೆಯುವ ಪಿಚರ್ ತಂಬಾಕು ಉಗುಳಿದ, ಅಷ್ಟೆ.

ಪದ್ಮ ಕೈಯನ್ನು ಹಿಂದಕ್ಕೆಳೆಯಲಿಲ್ಲ. “ಇನ್ನೊಂದು ಹಾಕಿ,” ಎಂದಳು.

ಅಂಬುಜಮ್ಮ ಮೊದಲು ಅವಳ ಕೈ ಗೀರಿದೆಯೇ ಎಂದು ನೋಡಿದರು, ಚೂರುಗಳನ್ನು ಕಡಲೆಕಾಯಿ ಪೊಟ್ಟಣಕ್ಕೆ ಹಾಕಿದರು, ಆಮೇಲೆ ಎರಡನೆಯದನ್ನು ಏರಿಸಿದರು. ಅದು ಸಲೀಸಾಗಿ ಕೂತಿತು. ಮೂರನೆಯದು, ನಾಲ್ಕನೆಯದು. ವಾಂಡಾ ನಾನೂ ಹಾಕುತ್ತೇನೆಂದು ನುಗ್ಗಿದಳು. ಪಕ್ಕದ ಸಾಲಿನ ಹೆಂಗಸರು ಸರದಿ ನಿಂತರು. ಕೋಸಂಬರಿ ಬೆಂಚಿನಿಂದ ಬೆಂಚಿಗೆ ಹಾರಿತು. ಯಾರೋ ಅದನ್ನು ಹಾಟ್‌ಡಾಗಿನ ಮೇಲೆ ಸುರಿದುಕೊಂಡು, ಇಷ್ಟು ದಿನ ಇದನ್ನೆಲ್ಲಿ ಬಚ್ಚಿಟ್ಟಿದ್ದಿರಿ ಎಂದ. ಅಂಬುಜಮ್ಮ ಮಾತ್ರ ಆಟ ನೋಡುವುದನ್ನೂ ಮರೆತು ಪದ್ಮಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಬಳೆಗಳನ್ನು ಹಿಂದೆ ಮುಂದೆ ಸರಿಸುತ್ತ ಕೂತರು.

ಕಬ್ಸ್ ಸೋತಿತು. ಇನ್ನೇನು ಗೆದ್ದೇಬಿಟ್ಟರು ಅನ್ನುವಾಗ ಎದುರಾಳಿ ಪಿಟ್ಸ್‌ಬರ್ಗಿನವನೊಬ್ಬ ಚೆಂಡನ್ನು ಬೇಲಿಯಾಚೆ ಕಳಿಸಿ ಸಮ ಮಾಡಿದ, ಆಮೇಲೆ ಎಳೆದಾಡಿ ಸೋತರು. ಶೇಷಗಿರಿ ಬಾಯಿ ತೆರೆದರು. ಒಡೆದ ಬಳೆ ಎನ್ನಲಿದ್ದರೋ ಏನೋ. ತಿರುಮಲೇಶ ಅವಕಾಶ ಕೊಡಲಿಲ್ಲ. “ನಿಮ್ಮ ಹುಡುಗರು ಬಿಸಿಲಲ್ಲಿ ಆಡಿ ಆಡಿ ಸುಸ್ತಾಗಿದಾರೆ ಕಣಯ್ಯ. ಹೋದ ವರ್ಷ ನಮ್ಮ ಡೆಟ್ರಾಯಿಟ್ ಗೆದ್ದಾಗ ಯಾರೂ ನಿಂಬೆಹಣ್ಣು ಕಟ್ಟಿರಲಿಲ್ಲ. ಚೆನ್ನಾಗಿ ಚೆಂಡು ಎಸೆದರು, ಅಷ್ಟೇ.” ಪದ್ಮ ನಕ್ಕಳು. ಶೇಷಗಿರಿ ಬಾಯಿ ಮುಚ್ಚಿ, ಕೋಸಂಬರಿ ಡಬ್ಬಿಗಳನ್ನು ಒಂದೊಂದಾಗಿ ಎತ್ತಿಕೊಂಡರು. ಕೊನೆಗೆ ಅಂಬುಜಮ್ಮನ ಚೀಲವನ್ನೂ.

ಆ ವಾರ ತಂಡ ನ್ಯೂಯಾರ್ಕಿಗೆ ಹೋಯಿತು. ಅಲ್ಲಿ ಆಟದ ನಡುವೆ ಎಲ್ಲಿಂದಲೋ ಬಂದ ಕರಿಬೆಕ್ಕೊಂದು ಕಬ್ಸ್ ಆಟಗಾರರ ಮುಂದೆಯೇ ಅಡ್ಡ ಹಾದುಹೋಯಿತು. ತಂಡ ಅವತ್ತೂ ಸೋತಿತು, ಆಮೇಲೂ ಸೋತಿತು. ಬೆಕ್ಕು ಬಂದ ಮಾರನೆಯ ಬೆಳಿಗ್ಗೆ ಅಂಬುಜಮ್ಮ ಪಾಳಿ ಮುಗಿಸಿ ಬಂದಾಗ ವಾಂಡಾ ಬಾಗಿಲಲ್ಲೇ ನಿಂತು, ಇಗೋ ಎಲ್ಲದಕ್ಕೂ ಕಾರಣ ಇದೇ ಎಂದು ಪತ್ರಿಕೆಯ ಫೋಟೋ ತೋರಿಸಿದಳು.

ಅಂಬುಜಮ್ಮ ಪತ್ರಿಕೆಯನ್ನು ಬೆಳಕಿಗೆ ಹಿಡಿದು ಆ ಬೆಕ್ಕನ್ನು ನೋಡಿದರು.

“ಪಾಪ, ಅದಕ್ಕೂ ಎಲ್ಲೋ ಹೋಗೋದಿತ್ತು,” ಎಂದು ಹೇಳಿ ಮಲಗಲು ಹೋದರು.